ಕಟ್ಟಿಸಿದ ಹಲ್ಲಿನ ಆಯುಸ್ಸು

ಕಪಿಲೆಯ ದಡದ ನಂಜನಗೂಡನ್ನು ನಾಡಿನ ಜನ ಶ್ರೀಕಂಠೇಶ್ವರನ ಕ್ಷೇತ್ರವೆಂದು, ರಸಬಾಳೆಯ ಊರೆಂದು ಬಲ್ಲಂತೆಯೇ ಹಲ್ಲುಪುಡಿಯ ಊರೆಂದೂ ಬಲ್ಲರು. ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಹಳೆಯ ಮೈಸೂರು ಸೀಮೆಯ ಅಸಂಖ್ಯ ಮನೆಗಳ ಬಚ್ಚಲಿನಲ್ಲಿ ತಲೆಮಾರುಗಳ ಕಾಲ ನೆಲೆಯೂರಿತ್ತು. ಅದಿಲ್ಲದ ಕಡೆ ಬೇವಿನ ಕಡ್ಡಿ, ಇದ್ದಿಲು, ಉಪ್ಪು, ಒಲೆಯ ಬೂದಿ ಆ ಕೆಲಸವನ್ನು ಮಾಡುತ್ತಿದ್ದವು. ಅಂಥ ಅಭ್ಯಾಸದಲ್ಲಿ ಬೆಳೆದ ಅನೇಕ ಹಿರಿಯರು ಇಂದು ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಸ್ವಂತ ಹಲ್ಲುಗಳನ್ನು ಕಳೆದುಕೊಂಡು, ಕಟ್ಟಿಸಿದ ಹಲ್ಲಿನಿಂದ ಉಣ್ಣುತ್ತಿದ್ದಾರೆ. ಸಹಜ ಹಲ್ಲಿಗಾಗಿ ಜೀವಮಾನವಿಡೀ ರೂಢಿಸಿಕೊಂಡ ಕ್ರಮಗಳನ್ನೇ ಅವರು ಈ ಹೊಸ ಹಲ್ಲುಗಳಿಗೂ ಅನ್ವಯಿಸುವುದು ಸ್ವಾಭಾವಿಕವಾದರೂ, ಕಟ್ಟಿಸಿದ ಹಲ್ಲು ಬೇಗ ಸವೆಯುವುದಕ್ಕೆ, ಬಣ್ಣಗೆಡುವುದಕ್ಕೆ, ಮುರಿಯುವುದಕ್ಕೆ ಬಹುಮಟ್ಟಿಗೆ ಈ ಅಭ್ಯಾಸಗಳೇ ಕಾರಣವಾಗುತ್ತವೆ. ಕೃತಕ ಹಲ್ಲು ಬೇರೆಯದೇ ವಸ್ತುವಿನಿಂದ ಆದದ್ದು, ಅದರ ಆರೈಕೆಯ ನಿಯಮಗಳೂ ಬೇರೆ ಎಂಬ ತಿಳಿವಳಿಕೆ ಮನೆಮನೆಗೂ ತಲುಪಬೇಕಾದ ಅಗತ್ಯವಿದೆ.

ಸೆಟ್ ಎಂದರೆ ಏನು?

ಜನರು ಹಲ್ಲಿನ ಸೆಟ್ ಎಂದು ಕರೆಯುವ ವಸ್ತುವಿಗೆ ಗ್ರಂಥಗಳಲ್ಲಿ ಕೃತಕ ದಂತಪಂಕ್ತಿ ಎಂಬ ಹೆಸರಿದೆ. ಒಂದು ದವಡೆಯ ಎಲ್ಲ ಹಲ್ಲುಗಳ ಜಾಗವನ್ನು ತುಂಬುವುದು ಪೂರ್ಣ ದಂತಪಂಕ್ತಿ. ಕೆಲವು ಹಲ್ಲುಗಳು ಉಳಿದಿರುವಾಗ ಅವುಗಳಿಗೆ ಕೊಂಡಿ ಹಾಕಿ ನಿಲ್ಲಿಸುವ, ತೆಗೆದು ಹಾಕಬಹುದಾದ ಸೆಟ್ ಭಾಗಶಃ ದಂತಪಂಕ್ತಿ. ಎರಡರಲ್ಲಿಯೂ ವಸಡಿನ ಮೇಲೆ ಕೂರುವ ಗುಲಾಬಿ ಬಣ್ಣದ ತಳಭಾಗವನ್ನು ಸಾಮಾನ್ಯವಾಗಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಲಾಗುತ್ತದೆ. ರಸಾಯನಶಾಸ್ತ್ರದಲ್ಲಿ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎನಿಸಿಕೊಳ್ಳುವ ಈ ವಸ್ತು 1930ರ ದಶಕದ ಉತ್ತರಾರ್ಧದಲ್ಲಿ ದಂತವೈದ್ಯಕ್ಕೆ ಬಂದಿತು. ಅದಕ್ಕೆ ಮುಂಚೆ ಸುಮಾರು 80 ವರ್ಷಗಳ ಕಾಲ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸಿದ ರಬ್ಬರಿನಿಂದ, ಇನ್ನೂ ಹಿಂದೆ ಆನೆಯ ದಂತದಿಂದ, ಲೋಹದಿಂದ, ಜಪಾನಿನಲ್ಲಿ ಮರದಿಂದಲೂ ಸೆಟ್‌ಗಳನ್ನು ತಯಾರಿಸುತ್ತಿದ್ದರು. ಅಕ್ರಿಲಿಕ್ ಹಗುರವಾಗಿದ್ದು, ವಸಡಿನ ಬಣ್ಣವನ್ನು ಹೋಲುವುದರಿಂದಲೂ, ಮುರಿದರೆ ದುರಸ್ತಿಗೆ ಒಗ್ಗುವುದರಿಂದಲೂ ಜನಸಾಮಾನ್ಯರ ಕೈಗೆಟಕುವ ಹಲ್ಲುಗಳು ಸಾಧ್ಯವಾದವು. ಆದರೆ ಮೆದುತನ, ಕಾವಿಗೆ ಬಾಗುವ ಗುಣ, ನೀರನ್ನು ಹೀರಿಕೊಳ್ಳುವ ಗುಣ, ಬಿದ್ದರೆ ಸೀಳುವ ಗುಣಗಳೂ ಅದಕ್ಕಿವೆ. ಆರೈಕೆಯ ಪ್ರತಿಯೊಂದು ನಿಯಮದ ಹಿಂದೆಯೂ ಇವುಗಳಲ್ಲಿ ಒಂದಲ್ಲ ಒಂದು ಗುಣ ಅಡಗಿದೆ.

ಪೂರ್ಣ ದಂತಪಂಕ್ತಿಯನ್ನು ಬಾಯಲ್ಲಿ ನಿಲ್ಲಿಸುವುದು ಮುಖ್ಯವಾಗಿ ಎಂಜಲಿನ ತೆಳುಪದರ. ಒದ್ದೆಯಾದ ಎರಡು ಗಾಜಿನ ಫಲಕಗಳು ಒಂದಕ್ಕೊಂದು ಅಂಟಿಕೊಳ್ಳುವ ತತ್ತ್ವದ ಮೇಲೆಯೇ ಮೇಲಿನ ಸೆಟ್ ಅಂಗುಳಕ್ಕೆ ಹತ್ತಿ ಕೂರುತ್ತದೆ. ಅಗಲವಾದ ಅಂಗುಳದ ಆಸರೆ ಇಲ್ಲದ, ನಾಲಗೆ ಸದಾ ತಾಕುವ ಕೆಳಗಿನ ಸೆಟ್ ಮಾತ್ರ ಕೆನ್ನೆ ಮತ್ತು ನಾಲಗೆಯ ಸ್ನಾಯುಗಳ ಹಿಡಿತವನ್ನೇ ಹೆಚ್ಚಾಗಿ ನೆಚ್ಚಿಕೊಳ್ಳಬೇಕಾಗುತ್ತದೆ. ಆದ್ದರಿಂದ ಸೆಟ್‌ನ ಒಳಮೈ ವಸಡಿನ ಉಬ್ಬುತಗ್ಗುಗಳಿಗೆ ಎಷ್ಟು ನಿಖರವಾಗಿ ಹೊಂದುತ್ತದೆ ಎಂಬುದರ ಮೇಲೆ ಅದರ ಉಪಯುಕ್ತತೆ ನಿಂತಿದೆ. ಒಳಮೈಯನ್ನು ಕೆರೆದು, ಬಾಗಿಸಿ, ಒಣಗಿಸಿ ಕೆಡಿಸಿದರೆ ಈ ಹೊಂದಾಣಿಕೆ ತಪ್ಪುತ್ತದೆ.

ಪುಡಿಯ ಬದಲು ಸೋಪು

ವಸ್ತುವೊಂದರ ಮೇಲ್ಮೈ ಗೀರಿಗೆ ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬುದನ್ನು ಅಳೆಯಲು ವಿಜ್ಞಾನಿಗಳು ನೂಪ್ ಗಡಸುತನ ಎಂಬ ಅಳತೆಯನ್ನು ಬಳಸುತ್ತಾರೆ. ಆ ಅಳತೆಯಲ್ಲಿ ಸಹಜ ಹಲ್ಲಿನ ಹೊರಕವಚವಾದ ಎನಾಮಲ್ ಸುಮಾರು 340 ಅಂಕದಷ್ಟು ಗಡಸಾಗಿದ್ದರೆ, ದಂತಪಂಕ್ತಿಯ ಅಕ್ರಿಲಿಕ್ ಸುಮಾರು 20 ಅಂಕದಷ್ಟು ಮಾತ್ರ ಗಡಸು. ಎನಾಮಲ್ ತಾಳಿಕೊಳ್ಳುವ ಉಜ್ಜುವಿಕೆಯಲ್ಲಿ ಅಕ್ರಿಲಿಕ್ ಗೀರು ಬೀಳುವುದಕ್ಕೆ ಈ ಅಗಾಧ ಅಂತರವೇ ಕಾರಣ. ಹಲ್ಲುಪುಡಿ, ಇದ್ದಿಲು, ಬೂದಿ, ಉಪ್ಪಿನ ಹರಳು, ಕೆಲವು ಬಗೆಯ ಟೂತ್‌ಪೇಸ್ಟ್‌ಗಳು ಸೆಟ್‌ನ ನಯವಾದ ಮೈಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೀರುಗಳನ್ನು ಮೂಡಿಸುತ್ತವೆ. ಇದನ್ನು ಯಾವುದೇ ಹಲ್ಲುಪುಡಿಯ ದೋಷವೆಂದು ಎಣಿಸಬಾರದು. ಪುಡಿ ತಯಾರಾದದ್ದು ಸಹಜ ಹಲ್ಲಿಗಾಗಿ, ಪ್ಲಾಸ್ಟಿಕ್ಕಿಗಾಗಿ ಅಲ್ಲ. ಗೀರು ಬಿದ್ದ ಮೈ ಹೊಳಪು ಕಳೆದುಕೊಳ್ಳುವುದಷ್ಟೇ ಅಲ್ಲದೆ, ಆಹಾರದ ಕಣ, ಬಣ್ಣ ಮತ್ತು ರೋಗಾಣುಗಳಿಗೆ ನೆಲೆಯಾಗುತ್ತದೆ. ಕೊಳೆ ಹೋಗಲಿಲ್ಲವೆಂದು ಮರುದಿನ ಇನ್ನಷ್ಟು ಜೋರಾಗಿ ಉಜ್ಜಿದರೆ ಗೀರುಗಳು ಹೆಚ್ಚುತ್ತವೆ, ಹೆಚ್ಚಿದ ಗೀರುಗಳಲ್ಲಿ ಕೊಳೆಯೂ ಹೆಚ್ಚುತ್ತದೆ.

ಸರಿಯಾದ ಕ್ರಮ ಇದಕ್ಕಿಂತ ಸುಲಭ ಮತ್ತು ಅಗ್ಗ. ಪ್ರತಿ ಊಟದ ನಂತರ ಸೆಟ್ ತೆಗೆದು ತಣ್ಣೀರಿನಲ್ಲಿ ಜಾಲಿಸಿ, ಬಾಯಿ ಮುಕ್ಕಳಿಸಿ ಮತ್ತೆ ಧರಿಸಬೇಕು. ದಿನಕ್ಕೆ ಒಮ್ಮೆಯಾದರೂ, ಮುಖ್ಯವಾಗಿ ರಾತ್ರಿ ಮಲಗುವ ಮುನ್ನ, ಮೃದುವಾದ ಬ್ರಷ್ಷಿಗೆ ತುಸು ಸೌಮ್ಯವಾದ ಕೈತೊಳೆಯುವ ದ್ರವಸೋಪನ್ನೋ ಪಾತ್ರೆ ತೊಳೆಯುವ ದ್ರವವನ್ನೋ ಹಚ್ಚಿ, ಹಲ್ಲಿನ ಭಾಗವನ್ನೂ ವಸಡಿಗೆ ತಾಕುವ ಒಳಮೈಯನ್ನೂ ಹಗುರವಾಗಿ ತಿಕ್ಕಿ, ಸೋಪಿನ ಅಂಶ ಉಳಿಯದಂತೆ ತೊಳೆಯಬೇಕು. ಪಾತ್ರೆ ತಿಕ್ಕುವ ತಂತಿ, ಒರಟು ನಾರು, ಸಬೀನ ಪುಡಿ ಇವು ಸೆಟ್‌ನ ಹತ್ತಿರವೂ ಸುಳಿಯಬಾರದು. ಒಳಮೈಯನ್ನು ತೊಳೆಯದೆ ಬಿಡುವುದು ಬಹಳ ಜನರಲ್ಲಿ ಕಂಡುಬರುವ ಲೋಪ. ಎದುರಿನವರಿಗೆ ಕಾಣುವುದು ಹೊರಗಿನ ಹಲ್ಲುಗಳಾದರೂ, ವಸಡಿಗೆ ಸದಾ ಒತ್ತಿಕೊಂಡಿರುವುದು ಒಳಮೈ ಆದುದರಿಂದ ರೋಗದ ಮೂಲ ಇರುವುದು ಅಲ್ಲಿಯೇ. ಸೆಟ್ ತೆಗೆದಿಟ್ಟ ಮೇಲೆ ವಸಡು, ನಾಲಗೆ ಮತ್ತು ಅಂಗುಳವನ್ನು ಮೆದುವಾದ ಬ್ರಷ್ಷಿನಿಂದಾಗಲಿ ಒದ್ದೆ ಬಟ್ಟೆಯಿಂದಾಗಲಿ ಒರೆಸಿದರೆ ಕೊಳೆ ಹೋಗುತ್ತದೆ, ಒತ್ತಡದಲ್ಲಿದ್ದ ವಸಡಿಗೆ ರಕ್ತಸಂಚಾರವೂ ಸಿಗುತ್ತದೆ.

ಔಷಧಿ ಅಂಗಡಿಗಳಲ್ಲಿ ಸಿಗುವ, ನೀರಿಗೆ ಹಾಕಿದರೆ ಬುರುಗೇಳುವ ಮಾತ್ರೆಗಳು ಬ್ರಷ್ ತಲುಪದ ಸಂದುಗಳನ್ನು ಶುಚಿಗೊಳಿಸಲು ನೆರವಾಗುತ್ತವೆ. ಅವುಗಳನ್ನು ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಮಾತ್ರ ಬಳಸಿ, ಸೆಟ್ ಅನ್ನು ಚೆನ್ನಾಗಿ ತೊಳೆದ ಮೇಲೆಯೇ ಬಾಯಿಗೆ ಹಾಕಬೇಕು. ಗುಳಿಗೆಯಂತೆ ಕಾಣುವ ಇವನ್ನು ಕಣ್ಣು ಮಂಜಾದ ಹಿರಿಯರು ನುಂಗುವ ಔಷಧಿಯೆಂದು ತಿಳಿಯುವ ಅಪಾಯವಿರುವುದರಿಂದ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳ ಜೊತೆಗೆ ಎಂದಿಗೂ ಇಡಬಾರದು. ಮಾತ್ರೆಯಲ್ಲಿ ನೆನೆಸಿದ ಮಾತ್ರಕ್ಕೆ ಬ್ರಷ್ಷಿನ ಕೆಲಸ ತಪ್ಪುವುದಿಲ್ಲ. ಅಂಟಿಕೊಂಡ ಪದರ ಕದಲಬೇಕಾದರೆ ತಿಕ್ಕಲೇಬೇಕು.

ಎಲೆಅಡಿಕೆ, ಚಹಾ ಮತ್ತು ಗಡಸು ನೀರು

ಈ ಸೀಮೆಯ ಹಿರಿಯರಲ್ಲಿ ಎಲೆಅಡಿಕೆಯ ಅಭ್ಯಾಸ ಆಳವಾಗಿ ಬೇರೂರಿದೆ. ಹಲ್ಲುಗಳು ಹೋದ ಮೇಲೂ ಕುಟ್ಟಾಣಿಯಲ್ಲಿ ಅಡಿಕೆಯನ್ನು ಕುಟ್ಟಿ ಮೆಲ್ಲುವವರು ಹಳ್ಳಿಗಳಲ್ಲಿ ಇದ್ದೇ ಇದ್ದಾರೆ. ಅಡಿಕೆಯ ಒಗರಿನ ಅಂಶವಾದ ಟ್ಯಾನಿನ್ ಸುಣ್ಣದೊಂದಿಗೆ ಸೇರಿ ಉಂಟಾಗುವ ಕೆಂಪು ಬಣ್ಣ ಸೆಟ್‌ನ ಗೀರುಗಳಲ್ಲಿ ಕುಳಿತು ಕ್ರಮೇಣ ಕಪ್ಪುಗಟ್ಟುತ್ತದೆ. ಚಹಾ, ಕಾಫಿ, ಬೀಡಿ ಕೂಡ ಇದೇ ರೀತಿಯ ಕಲೆಗಳನ್ನು ಬಿಡುತ್ತವೆ. ಕಲೆಗಿಂತ ಗಂಭೀರವಾದ ವಿಷಯ ಆರೋಗ್ಯದ್ದು: ಹೊಗೆಸೊಪ್ಪು ಮತ್ತು ಅಡಿಕೆ ಎರಡೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳೆಂದು ವೈದ್ಯವಿಜ್ಞಾನ ನಿಶ್ಚಯಿಸಿದೆ. ಸ್ವಂತ ಹಲ್ಲಿಲ್ಲದವರಿಗೂ ಈ ಅಪಾಯ ತಪ್ಪುವುದಿಲ್ಲವಾದ್ದರಿಂದ ಹಲ್ಲು ಕಟ್ಟಿಸಿಕೊಂಡ ಸಂದರ್ಭವನ್ನು ಈ ಅಭ್ಯಾಸ ಬಿಡುವ ಸಂದರ್ಭವನ್ನಾಗಿ ಮಾಡಿಕೊಳ್ಳುವುದು ಅತ್ಯಂತ ಶ್ರೇಯಸ್ಕರ. ಕೂಡಲೇ ಬಿಡಲಾಗದವರು ಪ್ರತಿ ಸಲ ಮೆದ್ದ ನಂತರ ಸೆಟ್ ತೆಗೆದು ತೊಳೆಯುವ ನಿಯಮವನ್ನಾದರೂ ಪಾಲಿಸಬೇಕು.

ಎಂಜಲಿನಲ್ಲಿರುವ ಕ್ಯಾಲ್ಸಿಯಂ ಮೊದಲಾದ ಲವಣಗಳು ಸೆಟ್‌ನ ಮೇಲಿನ ಕೊಳೆಯೊಳಗೆ ಇಳಿದು ಗಟ್ಟಿಯಾದಾಗ ಹಳದಿ ಅಥವಾ ಬೂದು ಬಣ್ಣದ ಗಡಸು ಪದರ ಕಟ್ಟುತ್ತದೆ. ಲವಣಾಂಶ ಹೆಚ್ಚಿರುವ ಕೊಳವೆಬಾವಿಯ ನೀರಿನಲ್ಲಿ ಸೆಟ್ ನೆನೆಸಿದರೆ ಪಾತ್ರೆಯ ತಳದಲ್ಲಿ ಕಾಣುವಂಥ ಬಿಳಿ ಕಲೆಗಳೂ ಅದರೊಂದಿಗೆ ಸೇರುತ್ತವೆ. ಅಂಥ ನೀರಿರುವ ಹಳ್ಳಿಗಳಲ್ಲಿ ನೆನೆಸುವುದಕ್ಕೆ ಶುದ್ಧೀಕರಿಸಿದ ಕುಡಿಯುವ ನೀರನ್ನು ಬಳಸುವುದು ಒಳ್ಳೆಯದು. ಈ ಪದರವನ್ನು ಚಾಕುವಿನಿಂದಾಗಲಿ ಬ್ಲೇಡಿನಿಂದಾಗಲಿ ಕೆರೆಯುವುದು ಸೆಟ್‌ಗೆ ಮಾಡುವ ದೊಡ್ಡ ಹಾನಿ. ಲೋಹದ ಭಾಗಗಳಿಲ್ಲದ ಸೆಟ್ ಆಗಿದ್ದರೆ ಬಿಳಿ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ಅದರಲ್ಲಿ ಅರ್ಧ ಗಂಟೆ ನೆನೆಸಿದರೆ ತೆಳುಪದರ ಸಡಿಲವಾಗುತ್ತದೆ, ಅನಂತರ ಬ್ರಷ್ಷಿನಿಂದ ತಿಕ್ಕಿ ತೆಗೆಯಬಹುದು. ದಪ್ಪವಾಗಿ ಕಟ್ಟಿದ್ದನ್ನು ದಂತವೈದ್ಯರಿಂದಲೇ ತೆಗೆಸಬೇಕು. ಬಟ್ಟೆ ಬಿಳುಪು ಮಾಡುವ ಬ್ಲೀಚ್ ರೋಗಾಣುಗಳನ್ನು ಕೊಲ್ಲುವುದು ನಿಜವಾದರೂ ಅದು ಲೋಹವನ್ನು ತುಕ್ಕು ಹಿಡಿಸುತ್ತದೆ, ಗುಲಾಬಿ ಬಣ್ಣವನ್ನು ಮಾಸಿಸುತ್ತದೆ; ಅಮೆರಿಕದ ಕೃತಕ ದಂತತಜ್ಞರ ಸಂಘ 2011ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಯಾವುದೇ ಸೆಟ್ ಅನ್ನು ಬ್ಲೀಚಿನಲ್ಲಿ 10 ನಿಮಿಷಕ್ಕಿಂತ ಹೆಚ್ಚು ಇಡಬಾರದೆಂದು ಹೇಳಿದೆ. ವೈದ್ಯರು ಹೇಳದ ಹೊರತು ಮನೆಯಲ್ಲಿ ಅದನ್ನು ಬಳಸದಿರುವುದೇ ಕ್ಷೇಮ.

ಕುದಿನೀರು ಬೇಡ, ಒಣಗಿಸುವುದೂ ಬೇಡ

ಹಾಲಿನ ಬಾಟಲಿ, ಸ್ಟೀಲಿನ ಲೋಟಗಳನ್ನು ಕುದಿನೀರಿನಲ್ಲಿ ಅದ್ದಿ ಶುಚಿಗೊಳಿಸುವ ಒಳ್ಳೆಯ ರೂಢಿ ನಮ್ಮ ಅಡುಗೆಮನೆಗಳಲ್ಲಿದೆ. ಅದೇ ರೂಢಿ ಹಲ್ಲಿನ ಸೆಟ್‌ಗೆ ಮಾರಕ. ಅಕ್ರಿಲಿಕ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖದ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ; ತಯಾರಿಕೆಯ ವೇಳೆ ಅದರೊಳಗೆ ಉಳಿದಿರುವ ಬಿಗಿತಗಳು ಕುದಿನೀರಿನ ಕಾವಿಗೆ ಸಡಿಲಗೊಂಡು ಸೆಟ್ ತುಸುವೇ ಡೊಂಕಾಗುತ್ತದೆ. ಆ ಡೊಂಕು ಕಣ್ಣಿಗೆ ಕಾಣದಿದ್ದರೂ ವಸಡಿಗೆ ಗೊತ್ತಾಗುತ್ತದೆ, ಮತ್ತು ಒಮ್ಮೆ ಬಾಗಿದ ಸೆಟ್ ಅನ್ನು ಮನೆಯಲ್ಲಿ ಸರಿಪಡಿಸುವ ದಾರಿ ಯಾವುದೂ ಇಲ್ಲ. ತೊಳೆಯುವುದಕ್ಕೂ ನೆನೆಸುವುದಕ್ಕೂ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರೇ ತಕ್ಕದ್ದು. ಬಿಸಿಲಿಗೆ ಒಡ್ಡುವುದು, ಒಲೆಯ ಪಕ್ಕದ ಗೂಡಿನಲ್ಲಿ ಇಡುವುದು ಕೂಡ ಇದೇ ಕಾರಣಕ್ಕೆ ಸಲ್ಲದು.

ಅಕ್ರಿಲಿಕ್ ತನ್ನೊಳಗೆ ಅಲ್ಪ ಪ್ರಮಾಣದ ನೀರನ್ನು ಹೀರಿಕೊಂಡು ತುಸು ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಬಾಯಲ್ಲಿರುವಾಗ ಎಂಜಲಿನ ತೇವದಲ್ಲಿ ಸ್ಥಿರವಾಗಿರುವ ಅಳತೆ, ಸೆಟ್ ಅನ್ನು ಕಾಗದದಲ್ಲಿ ಸುತ್ತಿ ಅಲಮಾರಿಯಲ್ಲಿ ಇಟ್ಟಾಗ ಬದಲಾಗುತ್ತದೆ. ಒಣಗುವುದು, ನೆನೆಯುವುದು ಪದೇ ಪದೇ ನಡೆದರೆ ಅದರ ಬಾಳಿಕೆಯೂ ತಗ್ಗುತ್ತದೆ. ಹಬ್ಬಕ್ಕೆ, ಮದುವೆಗೆ ಮಾತ್ರ ಸೆಟ್ ಹಾಕಿಕೊಂಡು ಉಳಿದ ದಿನ ಪೆಟ್ಟಿಗೆಯಲ್ಲಿಡುವವರಿಗೆ ಅದು ಪ್ರತಿ ಸಲವೂ ಚುಚ್ಚುವುದಕ್ಕೆ ಇದೊಂದು ಕಾರಣವಾದರೆ, ಬಳಕೆ ತಪ್ಪಿದ ಸ್ನಾಯುಗಳು ಅದನ್ನು ಹಿಡಿಯುವ ಕೌಶಲವನ್ನು ಮರೆಯುವುದು ಇನ್ನೊಂದು ಕಾರಣ. ಬಾಯಿಂದ ಹೊರಗಿರುವಷ್ಟು ಹೊತ್ತೂ ಸೆಟ್ ನೀರಿನಲ್ಲಿ ಮುಳುಗಿರಬೇಕು, ಮತ್ತು ಆ ನೀರನ್ನು ದಿನವೂ ಬದಲಿಸಬೇಕು.

ರಾತ್ರಿ ಬಾಯಿಗೂ ಬಿಡುವು ಬೇಕು

ಹಲ್ಲಿಲ್ಲದ ಮುಖವನ್ನು ಮನೆಯವರೂ ನೋಡಬಾರದೆಂಬ ಸಂಕೋಚದಿಂದ ಹಗಲಿರುಳೂ ಸೆಟ್ ತೆಗೆಯದವರಿದ್ದಾರೆ. ಅವರ ಸಂಕೋಚ ಅರ್ಥವಾಗುವಂಥದ್ದೇ. ಆದರೆ ಅಕ್ರಿಲಿಕ್ಕಿನ ಅಡಿಯಲ್ಲಿ ಮುಚ್ಚಿಹೋದ ವಸಡಿಗೆ ಎಂಜಲಿನ ಸಹಜ ರಕ್ಷಣೆ ದೊರೆಯುವುದಿಲ್ಲ. ಬೆಚ್ಚಗಿನ, ತೇವದ, ಗಾಳಿಯಾಡದ ಆ ಜಾಗದಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಹುಲುಸಾಗಿ ಬೆಳೆಯುತ್ತದೆ. ಅದರಿಂದ ಅಂಗುಳ ಕೆಂಪಾಗಿ ಊದಿಕೊಳ್ಳುವ ಸ್ಥಿತಿಯನ್ನು ದಂತಪಂಕ್ತಿಯ ಬಾಯಿಯುರಿ ಎನ್ನಬಹುದು. ವಿಶೇಷವೆಂದರೆ ಎಷ್ಟೋ ಜನರಲ್ಲಿ ಇದಕ್ಕೆ ನೋವೇ ಇರುವುದಿಲ್ಲವಾದ್ದರಿಂದ, ಸೆಟ್ ತೆಗೆದು ಬೆಳಕಿನಲ್ಲಿ ಅಂಗುಳವನ್ನು ಯಾರಾದರೂ ನೋಡಿದಾಗಲೇ ಅದು ತಿಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಔಷಧಿಗಳಿಂದಾಗಿ ಬಾಯಿ ಒಣಗುವವರಲ್ಲಿ ಇದರ ಸಾಧ್ಯತೆ ಹೆಚ್ಚು.

ರಾತ್ರಿ ಸೆಟ್ ಧರಿಸಿ ಮಲಗುವುದರ ಅಪಾಯ ಬಾಯಿಗಷ್ಟೇ ಸೀಮಿತವಲ್ಲ. ಜಪಾನಿನಲ್ಲಿ 85 ವರ್ಷ ದಾಟಿದ 524 ಹಿರಿಯರನ್ನು 3 ವರ್ಷ ಗಮನಿಸಿದ ಅಧ್ಯಯನವೊಂದರಲ್ಲಿ, ಸೆಟ್ ತೆಗೆಯದೆ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಸುಮಾರು 2.3 ಪಟ್ಟು ಹೆಚ್ಚಿದ್ದುದು ಕಂಡುಬಂದಿತು. ಸೆಟ್ ಮೇಲೆ ಬೆಳೆದ ರೋಗಾಣುಗಳು ನಿದ್ರೆಯಲ್ಲಿ ಎಂಜಲಿನೊಂದಿಗೆ ಶ್ವಾಸನಾಳಕ್ಕೆ ಜಾರುವ ಸಾಧ್ಯತೆಯೇ ಇದಕ್ಕೆ ವಿವರಣೆ. ಹಾಸಿಗೆ ಹಿಡಿದ, ನುಂಗಲು ಕಷ್ಟಪಡುವ ಹಿರಿಯರ ವಿಷಯದಲ್ಲಿ ಮನೆಯವರು ಇದನ್ನು ನೆನಪಿನಲ್ಲಿಡಬೇಕು. ಮುಚ್ಚಳವಿರುವ ಡಬ್ಬಿಯಲ್ಲಿ ಕುಡಿಯುವ ನೀರು ತುಂಬಿ, ತೊಳೆದ ಸೆಟ್ ಅನ್ನು ಅದರಲ್ಲಿ ಮುಳುಗಿಸಿ, ಮಕ್ಕಳಿಗೂ ನಾಯಿ, ಇಲಿಗಳಿಗೂ ಎಟುಕದ ನಿಶ್ಚಿತ ಜಾಗದಲ್ಲಿಟ್ಟರೆ ಬೆಳಿಗ್ಗೆ ಹುಡುಕಾಡುವ ಪ್ರಮೇಯ ಬರುವುದಿಲ್ಲ.

ಮುರಿಯುವ ಬಗೆ, ಉಳಿಸುವ ಬಗೆ

ಸೆಟ್‌ಗಳು ಮುರಿಯುವ ಸಾಮಾನ್ಯ ಸ್ಥಳ ಬಚ್ಚಲು. ಸೋಪು ಹಚ್ಚಿದ ಸೆಟ್ ನಡುಗುವ ಕೈಯಿಂದ ಜಾರಿ ಕಲ್ಲಿನ ಮೇಲೋ ಸಿಮೆಂಟಿನ ನೆಲದ ಮೇಲೋ ಬಿದ್ದರೆ ಸೀಳುವುದು ಕ್ಷಣದ ಮಾತು. ಅಗಲವಾದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಅರ್ಧ ನೀರು ತುಂಬಿಸಿ, ಅದರ ಮೇಲೆ ಕೈ ಹಿಡಿದು, ಕುಳಿತುಕೊಂಡು ತೊಳೆಯುವ ಅಭ್ಯಾಸ ಈ ಅನಾಹುತವನ್ನು ಬಹುಪಾಲು ತಪ್ಪಿಸುತ್ತದೆ. ಕೆಳಗಿನ ಸೆಟ್ ಕುದುರೆಲಾಳದ ಆಕಾರದಲ್ಲಿರುವುದರಿಂದ ಅದರ ಎರಡು ತುದಿಗಳನ್ನು ಅಂಗೈಯಲ್ಲಿ ಒತ್ತಿ ಹಿಡಿದರೆ ನಡುವೆ ಬಿರುಕು ಬಿಡಬಹುದು. ಒಂದೊಂದೇ ಭಾಗವನ್ನು ಆಧರಿಸಿ ತೊಳೆಯಬೇಕು. ಭಾಗಶಃ ದಂತಪಂಕ್ತಿಯನ್ನು ಕೈಬೆರಳಿನಿಂದಲೇ ಕೂರಿಸಬೇಕಲ್ಲದೆ ಕಚ್ಚಿ ಕೂರಿಸಬಾರದು. ಕಚ್ಚಿದರೆ ತಂತಿಯ ಕೊಂಡಿ ಬಾಗುತ್ತದೆ. ಕೊಂಡಿ ಹಿಡಿಯುವ ಸಹಜ ಹಲ್ಲುಗಳ ಸುತ್ತ ಆಹಾರ ಸಿಕ್ಕಿಕೊಂಡು ಹುಳುಕು ಹಿಡಿಯುವುದು ಬೇಗ. ಆ ಹಲ್ಲುಗಳನ್ನು ಫ್ಲೋರೈಡ್ ಇರುವ ಪೇಸ್ಟಿನಿಂದ ಪ್ರತ್ಯೇಕವಾಗಿ ಉಜ್ಜಬೇಕು. ಅವು ಬಿದ್ದುಹೋದರೆ ಸೆಟ್ ಎಷ್ಟೇ ಚೆನ್ನಾಗಿದ್ದರೂ ನಿಲ್ಲುವ ಆಧಾರ ಉಳಿಯುವುದಿಲ್ಲ.

ನದೀಸ್ನಾನ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ಜೀವನದ ಭಾಗ. ಕಾವೇರಿ ಮತ್ತು ಕಪಿಲೆಗಳು ಕೂಡುವ, ಸ್ಫಟಿಕ ಸರೋವರವೂ ಗುಪ್ತವಾಗಿ ಸೇರುತ್ತದೆಂದು ಭಕ್ತರು ನಂಬುವ ತಿರುಮಕೂಡಲಿನ ಸಂಗಮದಲ್ಲಿ 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ನಡೆದುಬಂದಿದೆ. ನಂಜನಗೂಡಿನ ಕಪಿಲೆಯಲ್ಲಿ ಮಿಂದು ದೇವರ ದರ್ಶನಕ್ಕೆ ಹೋಗುವವರು ನಿತ್ಯವೂ ಇರುತ್ತಾರೆ. ನೀರಿನಲ್ಲಿ ಮುಳುಗಿ ಏಳುವಾಗ ಕೆಮ್ಮಿದರೆ, ಮುಕ್ಕಳಿಸಿ ಉಗಿದರೆ ಸಡಿಲವಾದ ಸೆಟ್ ಹೊಳೆಯ ಪಾಲಾಗಬಹುದು. ಸ್ನಾನಕ್ಕೆ ಇಳಿಯುವ ಮುನ್ನ ಸೆಟ್ ತೆಗೆದು ನೀರಿರುವ ಡಬ್ಬಿಯಲ್ಲಿಟ್ಟು ಜೊತೆಗಿರುವವರ ಕೈಗೆ ಕೊಡುವುದು ಸರಳವಾದ ಮುಂಜಾಗ್ರತೆ.

ಪೂರ್ಣ ದಂತಪಂಕ್ತಿಯ ಅಗಿಯುವ ಬಲ ಸಹಜ ಹಲ್ಲಿನ ಬಲದ ಸುಮಾರು ನಾಲ್ಕನೇ ಒಂದು ಭಾಗದಷ್ಟು ಅಥವಾ ಅದಕ್ಕಿಂತಲೂ ಕಡಿಮೆ. ಕಬ್ಬನ್ನು ಸಿಗಿಯುವುದು, ಮೂಳೆ ಕಡಿಯುವುದು, ಗಟ್ಟಿ ಕೋಡುಬಳೆಯನ್ನು ಮುಂದಿನ ಹಲ್ಲಿನಿಂದ ಮುರಿಯುವುದು ಸೆಟ್‌ನ ಹಿಂಭಾಗವನ್ನು ಎತ್ತಿ ಕೀಳುತ್ತವೆ ಮತ್ತು ನಟ್ಟನಡುವೆ ಸೀಳಿಗೆ ದಾರಿ ಮಾಡುತ್ತವೆ. ಆಹಾರವನ್ನು ಸಣ್ಣದಾಗಿ ಹೆಚ್ಚಿಕೊಂಡು, ಎರಡೂ ಬದಿಯ ಹಿಂದಿನ ಹಲ್ಲುಗಳಿಂದ ಏಕಕಾಲಕ್ಕೆ ಅಗಿಯುವುದನ್ನು ರೂಢಿಸಿಕೊಂಡರೆ ಸೆಟ್ ಕದಲುವುದಿಲ್ಲ. ಹೊಸದಾಗಿ ಧರಿಸಿದವರು ಮೊದಲ ವಾರಗಳಲ್ಲಿ ಮೊಸರನ್ನ, ಇಡ್ಲಿ, ಬೇಯಿಸಿದ ತರಕಾರಿ, ಬಾಳೆಹಣ್ಣಿನಂಥ ಮೆದುವಾದ ಆಹಾರದಿಂದ ಆರಂಭಿಸಿ, ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತ ಬಂದರೆ ಅಗಿತವೂ ಉಚ್ಚಾರಣೆಯೂ ಕ್ರಮೇಣ ಹದಕ್ಕೆ ಬರುತ್ತವೆ.

ಮುರಿದ ಸೆಟ್ ಅನ್ನು ಅಂಗಡಿಯ ಗೋಂದಿನಿಂದ, ಮುಖ್ಯವಾಗಿ ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್‌ನಂಥ ಅಂಟಿನಿಂದ, ಮನೆಯಲ್ಲೇ ಜೋಡಿಸಬಾರದು. ಕೂದಲೆಳೆಯಷ್ಟು ತಪ್ಪಾಗಿ ಅಂಟಿದರೂ ವಸಡಿಗೆ ಗಾಯವಾಗುತ್ತದೆ. ಆ ಅಂಟು ಬಾಯೊಳಗೆ ಬಳಸಲು ತಯಾರಿಸಿದ್ದಲ್ಲ. ಮೇಲಾಗಿ ಅಂಟು ತುಂಬಿದ ಅಂಚುಗಳನ್ನು ಪ್ರಯೋಗಾಲಯದಲ್ಲಿ ಮತ್ತೆ ಸರಿಯಾಗಿ ಕೂಡಿಸುವುದು ದುಸ್ತರವಾಗುತ್ತದೆ. ಎಲ್ಲ ತುಂಡುಗಳನ್ನೂ, ಬಿದ್ದ ಒಂಟಿ ಹಲ್ಲನ್ನೂ ಒಂದು ಡಬ್ಬಿಯಲ್ಲಿ ಹಾಕಿ ವೈದ್ಯರಲ್ಲಿಗೆ ಒಯ್ದರೆ ಹೊಸ ಅಕ್ರಿಲಿಕ್‌ನಿಂದ ಬೆಸೆದುಕೊಡುವುದು ಸಾಮಾನ್ಯವಾಗಿ ಸಾಧ್ಯ.

ಸೆಟ್ ಬದಲಾಗದಿದ್ದರೂ ಬಾಯಿ ಬದಲಾಗುತ್ತದೆ

ಎಷ್ಟು ಜೋಪಾನ ಮಾಡಿದರೂ ಒಂದು ಸೆಟ್ ಶಾಶ್ವತವಲ್ಲ ಎಂಬುದಕ್ಕೆ ಕಾರಣ ಪ್ಲಾಸ್ಟಿಕ್ಕಿಗಿಂತ ಹೆಚ್ಚಾಗಿ ಎಲುಬಿನಲ್ಲಿದೆ. ಹಲ್ಲಿನ ಬೇರುಗಳನ್ನು ಹಿಡಿದಿದ್ದ ದವಡೆಯ ಎಲುಬಿನ ಏಣು, ಹಲ್ಲು ಹೋದ ಮೇಲೆ ಕೆಲಸವಿಲ್ಲದೆ ವರ್ಷದಿಂದ ವರ್ಷಕ್ಕೆ ಕರಗುತ್ತ ಹೋಗುತ್ತದೆ. ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಸೆಟ್ ಧರಿಸಿದವರನ್ನು 25 ವರ್ಷಗಳ ಕಾಲ ಪರಿಶೀಲಿಸಿ 1972ರಲ್ಲಿ ಪ್ರಕಟಿಸಿದ ವರದಿ, ಕೆಳದವಡೆಯ ಏಣು ಮೇಲ್ದವಡೆಯದಕ್ಕಿಂತ ಸುಮಾರು ನಾಲ್ಕು ಪಟ್ಟು ಕುಗ್ಗುತ್ತದೆಂದು ತೋರಿಸಿತು. ಕೆಳಗಿನ ಸೆಟ್ ಮೊದಲು ಸಡಿಲವಾಗುವುದು ಈ ಕಾರಣಕ್ಕೆ. ಹಿಡಿ ಸಡಿಲಗೊಂಡ ಗುದ್ದಲಿ ಪ್ರತಿ ಏಟಿಗೂ ಅಲುಗಿ ಕೊನೆಗೆ ಕಾವನ್ನೇ ಸೀಳುವಂತೆ, ಸಡಿಲ ಸೆಟ್ ಪ್ರತಿ ತುತ್ತಿಗೂ ಅಲುಗಿ ತಾನೂ ಮುರಿಯುತ್ತದೆ, ಒತ್ತಡ ಬಿದ್ದ ಎಲುಬನ್ನೂ ಇನ್ನಷ್ಟು ಬೇಗ ಕರಗಿಸುತ್ತದೆ.

ಇಂಥ ಸೆಟ್‌ನ ಒಳಮೈಗೆ ಹೊಸ ಅಕ್ರಿಲಿಕ್ ಪದರ ಕೊಟ್ಟು ಬದಲಾದ ವಸಡಿಗೆ ಹೊಂದಿಸುವ ಚಿಕಿತ್ಸೆಗೆ ರಿಲೈನಿಂಗ್ ಎಂದು ಹೆಸರು. ವರ್ಷಕ್ಕೊಮ್ಮೆ ಸೆಟ್ ಮತ್ತು ಬಾಯಿ ಎರಡನ್ನೂ ದಂತವೈದ್ಯರಿಗೆ ತೋರಿಸಿ ಅಗತ್ಯವಿದ್ದಾಗ ರಿಲೈನಿಂಗ್ ಮಾಡಿಸಿಕೊಂಡರೆ, 5ರಿಂದ 7 ವರ್ಷಗಳೆಂದು ವೈದ್ಯರು ಸಾಮಾನ್ಯವಾಗಿ ಹೇಳುವ ಬಾಳಿಕೆಯನ್ನು ಒಂದು ಸೆಟ್ ಸುಖವಾಗಿ ಪೂರೈಸುತ್ತದೆ. ಅಂಟುಪುಡಿ, ಅಂಟುಕ್ರೀಮುಗಳು ಸರಿಯಾಗಿ ಹೊಂದುವ ಸೆಟ್‌ಗೆ ಅಲ್ಪಸ್ವಲ್ಪ ಬಲ ಕೊಡಬಹುದೇ ಹೊರತು ಸಡಿಲವಾದದ್ದನ್ನು ಬಿಗಿ ಮಾಡುವ ಪರಿಹಾರವಲ್ಲ. ಚುಚ್ಚುವ ಅಂಚನ್ನು ಮನೆಯಲ್ಲಿ ಅರದಿಂದ ಉಜ್ಜಿ ಸವೆಸುವವರು ಒಂದು ಗಾಯವನ್ನು ತಪ್ಪಿಸಲು ಹೋಗಿ ಇಡೀ ಸೆಟ್‌ನ ಹಿಡಿತವನ್ನೇ ಕಳೆದುಕೊಳ್ಳುತ್ತಾರೆ. ಸೆಟ್ ತೆಗೆದಿಟ್ಟ ಮೇಲೂ ಎರಡು ವಾರದೊಳಗೆ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಕಂಡರೆ, ಅದರಲ್ಲೂ ಹೊಗೆಸೊಪ್ಪು, ಅಡಿಕೆ ಬಳಸಿದವರಲ್ಲಿ ಕಂಡರೆ, ಅದು ಸೆಟ್ ಚುಚ್ಚಿದ್ದೆಂದು ಉದಾಸೀನ ಮಾಡದೆ ಕೂಡಲೇ ತಪಾಸಣೆ ಮಾಡಿಸಬೇಕು. ಈ ಒಂದು ಎಚ್ಚರ ಎಷ್ಟೋ ಜೀವಗಳನ್ನು ಉಳಿಸಬಲ್ಲದು.

ಪಡೆಯುವ ದಾರಿ, ಉಳಿಸಿಕೊಳ್ಳುವ ಹೊಣೆ

ಹಲ್ಲು ಕಟ್ಟಿಸಿಕೊಳ್ಳುವುದು ಒಂದು ಕಾಲಕ್ಕೆ ಉಳ್ಳವರಿಗೆ ಮಾತ್ರ ಸಾಧ್ಯವಿದ್ದ ಕೆಲಸ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹಿರಿಯರಿಗೆ ದಂತವೈದ್ಯ ಕಾಲೇಜುಗಳ ಮೂಲಕ ಉಚಿತವಾಗಿ ದಂತಪಂಕ್ತಿ ಒದಗಿಸಲು ಕರ್ನಾಟಕ ಸರ್ಕಾರ ರೂಪಿಸಿದ ದಂತ ಭಾಗ್ಯ ಯೋಜನೆ ಆ ಸ್ಥಿತಿಯನ್ನು ಬದಲಿಸುವ ದಿಕ್ಕಿನಲ್ಲಿ ಇಟ್ಟ ಮಹತ್ವದ ಹೆಜ್ಜೆ. ಮೈಸೂರಿನಲ್ಲಿ ಜೆಎಸ್ಎಸ್ ದಂತವೈದ್ಯ ಕಾಲೇಜು ಮತ್ತು ಫಾರೂಖಿಯಾ ದಂತವೈದ್ಯ ಕಾಲೇಜುಗಳಿವೆ. ಇವುಗಳಲ್ಲಿ ಮೊದಲನೆಯದನ್ನು ನಡೆಸುವ ಜೆಎಸ್ಎಸ್ ಮಹಾವಿದ್ಯಾಪೀಠದ ಮೂಲ, ನಂಜನಗೂಡು ತಾಲ್ಲೂಕಿನಲ್ಲಿಯೇ ಕಪಿಲೆಯ ದಡದಲ್ಲಿರುವ ಸುತ್ತೂರಿನ ಮಠ. ಯೋಜನೆಯ ಸದ್ಯದ ಅರ್ಹತೆ, ಬೇಕಾದ ದಾಖಲೆಗಳ ವಿವರವನ್ನು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ವಿಚಾರಿಸಿ ಹೊರಟರೆ ಓಡಾಟ ತಪ್ಪುತ್ತದೆ. ಅಳತೆ ತೆಗೆದು ಹಲ್ಲು ಕಟ್ಟುವುದು 1948ರ ದಂತವೈದ್ಯರ ಕಾಯ್ದೆಯ ವ್ಯಾಪ್ತಿಗೆ ಬರುವ ವೃತ್ತಿ. ಜಾತ್ರೆ, ಸಂತೆಗಳಲ್ಲಿ ಒಂದೇ ದಿನದಲ್ಲಿ ಹಲ್ಲು ಕೂರಿಸುವುದಾಗಿ ಹೇಳುವವರ ಬಳಿಗೆ ಹೋಗದೆ ನೋಂದಾಯಿತ ವೈದ್ಯರಲ್ಲಿಗೇ ಹೋಗಬೇಕು.

ಸೆಟ್ ದೊರೆತ ದಿನದಿಂದ ಅದರ ಆಯುಸ್ಸು ಮನೆಯವರ ಕೈಯಲ್ಲಿದೆ. ದುರಸ್ತಿಗೆಂದು ಮತ್ತೆ ಮೈಸೂರಿಗೆ ಹೋಗಬೇಕಾದರೆ ನಂಜನಗೂಡಿನಿಂದ ಸುಮಾರು 25 ಕಿ.ಮೀ., ರೈಲು ಸೌಕರ್ಯವಿಲ್ಲದ ತಿರುಮಕೂಡಲು ನರಸೀಪುರದಿಂದ 30 ಕಿ.ಮೀ.ಗೂ ಮೀರಿದ ಬಸ್ ಪ್ರಯಾಣ. ದೂರದ ಹಳ್ಳಿಯಿಂದ ಹೊರಡುವ ವಯೋವೃದ್ಧರಿಗೆ ಅದು ಇಡೀ ದಿನದ ಕೆಲಸ, ಜೊತೆಗೆ ಬರುವವರಿಗೆ ಒಂದು ದಿನದ ಕೂಲಿಯ ನಷ್ಟ. ಎಷ್ಟೋ ಮುರಿದ ಸೆಟ್‌ಗಳು ದುರಸ್ತಿ ಕಾಣದೆ ಮೂಲೆ ಸೇರುವುದು ಈ ಕಾರಣಕ್ಕೇ. ಕೈ ನಡುಗುವ, ಕಣ್ಣು ಮಂಜಾದ, ಮರೆವು ಕವಿದ ಹಿರಿಯರು ತಾವಾಗಿಯೇ ಇಷ್ಟನ್ನೆಲ್ಲ ಪಾಲಿಸುವುದು ಸಾಧ್ಯವಾಗದಿದ್ದಾಗ ಮಗಳು, ಸೊಸೆ, ಮೊಮ್ಮಕ್ಕಳು ರಾತ್ರಿಯ ಐದು ನಿಮಿಷವನ್ನು ಅದಕ್ಕಾಗಿ ಮೀಸಲಿಡಬೇಕು. ಆ ಕೆಲಸ ಮನೆಯ ಹೆಂಗಸರ ಮೇಲೆಯೇ ಬೀಳದೆ ಮಗ, ಅಳಿಯಂದಿರೂ ಪಾಲು ಪಡೆಯುವುದು ನ್ಯಾಯ. ಆಸ್ಪತ್ರೆಗೆ ದಾಖಲಾಗುವಾಗ ಸೆಟ್ ಕೈತಪ್ಪುವುದು ಹೆಚ್ಚು; ತಯಾರಿಸುವಾಗಲೇ ಅದರೊಳಗೆ ಹೆಸರು ಬರೆಸುವಂತೆ ವೈದ್ಯರನ್ನು ಕೇಳಬಹುದು, ಶಸ್ತ್ರಚಿಕಿತ್ಸೆಗೆ ಮುನ್ನ ಸೆಟ್ ಇರುವುದನ್ನು ತಪ್ಪದೆ ತಿಳಿಸಬೇಕು.

ಉಚಿತವಾಗಿ ಸೆಟ್ ಕೊಡುವ ಸರ್ಕಾರ ಮತ್ತು ಕಾಲೇಜುಗಳ ಕರ್ತವ್ಯವೂ ಸೆಟ್ ಕೊಟ್ಟಲ್ಲಿಗೆ ಮುಗಿಯಬಾರದು. ದಂತಪಂಕ್ತಿಯೊಂದಿಗೆ ಮೃದುವಾದ ಬ್ರಷ್, ಮುಚ್ಚಳದ ಡಬ್ಬಿ, ದೊಡ್ಡ ಅಕ್ಷರದ ಕನ್ನಡದಲ್ಲಿ ಅಚ್ಚು ಮಾಡಿದ ಆರೈಕೆಯ ಹಾಳೆ ಇವಿಷ್ಟನ್ನು ಕೊಟ್ಟು, ವರ್ಷಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ತಪಾಸಣೆ ಹಾಗೂ ಸಣ್ಣ ದುರಸ್ತಿಯ ಶಿಬಿರ ನಡೆಸಿದರೆ, ಯೋಜನೆಗೆ ಸುರಿದ ಹಣ ಸಾರ್ಥಕವಾಗುತ್ತದೆ. ಚೆನ್ನಾಗಿ ಅಗಿದು ಉಣ್ಣುವುದು, ಸ್ಪಷ್ಟವಾಗಿ ಮಾತನಾಡುವುದು, ನಾಲ್ಕು ಜನರ ಪಂಕ್ತಿಯಲ್ಲಿ ಸಂಕೋಚವಿಲ್ಲದೆ ಕೂರುವುದು ವೃದ್ಧಾಪ್ಯದ ಘನತೆಗೆ ಸಂಬಂಧಿಸಿದ ವಿಷಯಗಳು. ಆ ಘನತೆಯನ್ನು ಕಾಯಲು ಬೇಕಾಗಿರುವುದು ದುಬಾರಿ ಸಾಮಗ್ರಿಗಳಲ್ಲ, ಮೆದು ಬ್ರಷ್, ಸೋಪು, ತಣ್ಣೀರು ಮತ್ತು ವರ್ಷಕ್ಕೊಮ್ಮೆ ವೈದ್ಯರ ಭೇಟಿ. ಇಷ್ಟನ್ನು ಪ್ರತಿಯೊಬ್ಬ ಹಿರಿಯರಿಗೂ ದೊರಕಿಸಿಕೊಡುವುದು ಕುಟುಂಬ ಮತ್ತು ಸಮಾಜ ಎರಡರ ಶಕ್ತಿಗೂ ನಿಲುಕುವ ಕೆಲಸವೇ ಆಗಿದೆ.